ಅಂಚಿನಲ್ಲಿ ಅಚ್ಚಾದ ಊರು

ಬೀದಿಯವರೆಲ್ಲ ಆಕೆಯನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಗೆ ಒತ್ತಿ ಇಟ್ಟ ಮೆಷಿನ್ನಿನ ಮುಂದೆ ಕೂತು ಆಕೆ ಆಯುಷ್ಯದ ಬಹುಪಾಲು ಕಳೆದಿದ್ದಳು. ಶಾಲೆ ಶುರುವಾಗುವ ಕಾಲಕ್ಕೆ ಸಮವಸ್ತ್ರದ ರಾಶಿ, ಮದುವೆಯ ಕಾಲಕ್ಕೆ ರವಿಕೆಗಳ ರಾಶಿ. ನಡುವೆ ಬಿಡುವು ಸಿಕ್ಕಿತೆನ್ನುವಷ್ಟರಲ್ಲಿ ಯಾರಾದರೂ ಜಿಪ್ ಕಿತ್ತುಹೋದ ಪ್ಯಾಂಟು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ಎಲ್ಲಿಗಾದರೂ ಹೋಗಿಬರೋಣ ಎಂದು ಗಂಡ ಬದುಕಿದ್ದಾಗ ಗೋಗರೆದರೂ, ಆಮೇಲೆ ಮಗ ಕರೆದರೂ, "ಈ ಆರ್ಡರ್ ಒಂದು ಮುಗೀಲಿ" ಎನ್ನುವುದೇ ಆಕೆಯ ಉತ್ತರ. ಆರ್ಡರು ಮುಗಿಯಲಿಲ್ಲ, ಕಣ್ಣು ಮುಗಿಯಿತು. ಕಣ್ಣಿನೊಳಗಿನ ಒತ್ತಡ ಸದ್ದಿಲ್ಲದೆ ಏರಿ, ನೋಟವನ್ನು ಅಂಚಿನಿಂದ ಒಳಕ್ಕೆ ತಿನ್ನುತ್ತ ಬಂದಿತ್ತು. ಡಾಕ್ಟರ ಬಳಿಗೆ ಹೋಗುವ ಹೊತ್ತಿಗೆ ಉಳಿಸಿಕೊಳ್ಳಲು ಹೆಚ್ಚೇನೂ ಇರಲಿಲ್ಲ.

ಮೊದಲು ಆಕೆ ಎಲ್ಲರ ಮೇಲೂ ಹರಿಹಾಯ್ದಳು. ಆಮೇಲೆ ಮೌನಕ್ಕೆ ಬಿದ್ದಳು. ಆ ಮೌನ ಮುರಿದದ್ದು ಸೊಸೆಯ ಪಾಠದಿಂದ.

ಸೊಸೆ ಕಾಲೇಜಿನಲ್ಲಿ ಪ್ರವಾಸದ ಪಾಠ ಹೇಳುತ್ತಿದ್ದಳು. ಹಾಗೆಂದಾಗಲೆಲ್ಲ ಜನ, "ಓ, ಟಿಕೆಟ್ ಬುಕ್ ಮಾಡೋದು, ಹೋಟೆಲ್ ನಡೆಸೋದು, ಅದಾ?" ಎಂದು ಕೇಳುತ್ತಿದ್ದರು. ಅದಲ್ಲ. ಮನುಷ್ಯರು ಊರು ಬಿಟ್ಟು ಊರಿಗೆ ಯಾಕೆ ಹೋಗುತ್ತಾರೆ, ಹೋಗಿ ಏನು ಕಾಣುತ್ತಾರೆ, ಬಂದು ಏನು ಹೇಳುತ್ತಾರೆ, ಹೇಳಿದ್ದರಲ್ಲಿ ನಿಜವೆಷ್ಟು ಎನ್ನುವುದು ಅವಳ ವಿಷಯ. ಇತಿಹಾಸದವರು ಬಂದು ಹಳೆಯ ವ್ಯಾಪಾರದ ದಾರಿಗಳ ಬಗ್ಗೆ ಹೇಳಿಹೋಗುತ್ತಿದ್ದರು. ಚಿತ್ರಕಲೆಯ ಮೇಷ್ಟ್ರು, ಬೇರೆ ದೇಶದ ಬೆಟ್ಟವನ್ನು ಮೊದಲ ಸಲ ಕಂಡ ಚಿತ್ರಕಾರರು ಅದನ್ನು ತಮ್ಮೂರ ಬೆಟ್ಟದ ಹಾಗೇ ಬರೆದುಬಿಡುತ್ತಿದ್ದರು ಎಂದು ತೋರಿಸುತ್ತಿದ್ದರು. ಸಂಗೀತದ ಟೀಚರ್ ದೋಣಿಯವರ, ಗಾಡಿಯವರ ಹಾಡುಗಳನ್ನು ಕೇಳಿಸುತ್ತಿದ್ದರು. ಇವೆಲ್ಲವನ್ನೂ ಒಂದು ದಾರಕ್ಕೆ ಪೋಣಿಸುವ ಕೆಲಸ ಸೊಸೆಯದು. ಅವಳಿಗೆ ತೀರಾ ಇಷ್ಟವಾದ ಪಾಠವೆಂದರೆ ಸುಳ್ಳು ಹೇಳಿದ ಪ್ರಯಾಣಿಕರದು. ಹೋಗದ ಊರನ್ನು ಹೋದೆನೆಂದು ಬರೆದವರು, ಇಲ್ಲದ ಪ್ರಾಣಿಯನ್ನು ಕಂಡೆನೆಂದವರು. "ಆ ಸುಳ್ಳು ಯಾರಿಗೆ ಬೇಕಾಗಿತ್ತು? ಅದನ್ನ ಮೊದಲು ಕೇಳಿ," ಎಂದು ಹುಡುಗರಿಗೆ ಹೇಳುತ್ತಿದ್ದಳು.

ಒಂದು ಸಂಜೆ ಅವಳು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಮಾರನೆಯ ದಿನದ ಪಾಠವನ್ನು ಗಟ್ಟಿಯಾಗಿ ತನಗೆ ತಾನೇ ಒಪ್ಪಿಸಿಕೊಳ್ಳುತ್ತಿದ್ದಳು. ಅತ್ತೆ ಸ್ಟೂಲಿನ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು.

"ಎಲ್ಲ ನೋಟ, ನೋಟ ಅಂತೀಯಲ್ಲ," ಎಂದಳು ಟೈಲರಮ್ಮ ಇದ್ದಕ್ಕಿದ್ದ ಹಾಗೆ. "ಕಣ್ಣಿಲ್ಲದವರು ಎಲ್ಲಿಗೂ ಹೋಗೋ ಹಾಗಿಲ್ವಾ ನಿನ್ನ ಪುಸ್ತಕದಲ್ಲಿ?"

ಸೊಸೆಯ ಚಾಕು ನಿಂತಿತು. "ನಿಮಗೆ ಎಲ್ಲಿಗಾದ್ರೂ ಹೋಗ್ಬೇಕು ಅನ್ಸುತ್ತಾ ಅತ್ತೆ?"

ಟೈಲರಮ್ಮ ಬಟಾಣಿ ಸಿಪ್ಪೆಯನ್ನು ಬೆರಳಲ್ಲಿ ಮಡಚಿದಳು. "ಪಾಪ್ಲಿನ್ ಬಟ್ಟೆ ಬರ್ತಿತ್ತಲ್ಲ, ಥಾನುಗಟ್ಟಲೆ. ಅದರ ಅಂಚಲ್ಲಿ ನೀಲಿ ಅಕ್ಷರದಲ್ಲಿ ಮಿಲ್ಲಿನ ಊರಿನ ಹೆಸರು ಅಚ್ಚು ಹಾಕಿರ್ತಿದ್ರು. ಕತ್ತರಿಸಿ ಬಿಸಾಡೋ ಅಂಚು ಅದು. ಎಷ್ಟು ವರ್ಷ ಆ ಹೆಸರನ್ನ ಕತ್ತರಿಸಿ ಬುಟ್ಟಿಗೆ ಹಾಕಿದೀನೋ! ಈ ಊರು ಹೇಗಿರಬಹುದು ಅಂತ ಒಂದೊಂದು ಸಲ ಕತ್ತರಿ ನಿಲ್ಲಿಸಿ ಯೋಚನೆ ಮಾಡ್ತಿದ್ದೆ. ಅಲ್ಲಿಗೆ ಹೋಗ್ಬೇಕು ಅಂತಿತ್ತು. ಈಗ ಹೋಗಿ ಏನು ಮಾಡ್ಲಿ, ಬಿಡು."

"ನಾನು ಕರ್ಕೊಂಡು ಹೋಗ್ತೀನಿ," ಎಂದಳು ಸೊಸೆ. "ನೋಡಿ ನೋಡಿ ಹೇಳ್ತೀನಿ. ಅದೇ ತಾನೆ ನನ್ನ ಕೆಲಸ."

ಮಗ ಮೂಗು ಮುರಿದ. ಜನ ಸಮುದ್ರಕ್ಕೆ ಹೋಗುತ್ತಾರೆ, ಬೆಟ್ಟಕ್ಕೆ ಹೋಗುತ್ತಾರೆ, ಬಟ್ಟೆ ಗಿರಣಿ ನೋಡಲು ಯಾರಾದರೂ ಹೋಗುತ್ತಾರೆಯೇ ಎಂದ. ಆದರೆ ಬಹಳ ದಿನಗಳ ಮೇಲೆ ತಾಯಿ ತಾನಾಗಿಯೇ ಪೆಟ್ಟಿಗೆಯಿಂದ ಸೀರೆ ತೆಗೆಸಿ, ಯಾವುದು ಯಾವ ಬಣ್ಣ ಎಂದು ಕೇಳಿ ಆರಿಸುವುದನ್ನು ಕಂಡು ಬಾಯಿ ಮುಚ್ಚಿಕೊಂಡ.

ರೈಲಿನಲ್ಲಿ ಸೊಸೆ ಮಾತು ಕೊಟ್ಟಂತೆಯೇ ನಡೆದುಕೊಂಡಳು. ಕಿಟಕಿಯ ಪಕ್ಕ ಅತ್ತೆಯನ್ನು ಕೂರಿಸಿ, ಹೊರಗೆ ಕಂಡಿದ್ದನ್ನೆಲ್ಲ ಹೇಳತೊಡಗಿದಳು. ಕೆರೆ, ಕೆರೆಯ ಏರಿ, ಏರಿಯ ಮೇಲೆ ಸೈಕಲ್ಲು, ಸೈಕಲ್ಲಿನ ಹಿಂದೆ ಹುಲ್ಲಿನ ಹೊರೆ, ಅದೆಲ್ಲದರ ಹಿಂದೆ ನೀಲಿ ಗುಡ್ಡಗಳ ಸಾಲು. ಎದುರಿನ ಸೀಟಿನವರು ಕೂಡ ತಿರುಗಿ ತಿರುಗಿ ಕಿಟಕಿ ನೋಡತೊಡಗಿದರು.

"ಸ್ವಲ್ಪ ಉಸಿರು ಬಿಡಮ್ಮ," ಎಂದಳು ಟೈಲರಮ್ಮ ಕೊನೆಗೆ. "ಪರೀಕ್ಷೆ ಏನಾದ್ರೂ ಇದೆಯಾ ನನಗೆ?"

ಎದುರಿನವರು ಕಿಸಕ್ಕೆಂದರು. ಸೊಸೆಗೂ ನಗು ಬಂತು. "ಮತ್ತೆ ಹೇಗೆ ಹೇಳ್ಲಿ?"

"ನಾನು ಕೇಳಿದಾಗ ಹೇಳು. ಇಲ್ಲ ಅಂದ್ರೆ, ನಿನಗೆ ಯಾರಿಗಾದ್ರೂ ಹೇಳ್ಲೇಬೇಕು ಅನ್ಸೋ ಹಾಗಿದ್ರೆ ಹೇಳು. ಕಂಡಿದ್ದನ್ನೆಲ್ಲ ಸುರೀಬೇಡ."

ಆಮೇಲೆ ದಾರಿ ಹಗುರವಾಯಿತು. ಬಹಳ ಹೊತ್ತು ಸುಮ್ಮನಿದ್ದ ಸೊಸೆ ಒಮ್ಮೆ, "ಅತ್ತೆ, ಒಬ್ಬಳು ಹುಡುಗಿ ಗೇಟಿನ ಹತ್ತಿರ ನಿಂತು ನಮ್ಮ ರೈಲಿಗೆ ನಾಲಿಗೆ ಚಾಚ್ತಿದಾಳೆ," ಎಂದಳು. ಟೈಲರಮ್ಮ ತಡಮಾಡದೆ ಕಿಟಕಿಯತ್ತ ತಾನೂ ನಾಲಿಗೆ ಚಾಚಿದಳು.

ಆ ಊರನ್ನು ತಲುಪುವಾಗ ಬಿಸಿಲು ಇಳಿಯುತ್ತಿತ್ತು. ಸ್ಟೇಷನ್ನಿನ ಹತ್ತಿರದ ಲಾಡ್ಜಿನಲ್ಲಿ ಚೀಲ ಇಟ್ಟು, ಮುಖ ತೊಳೆದು, ಇಬ್ಬರೂ ನಡೆದೇ ಹೊರಟರು. ಮಿಲ್ಲಿನ ರಸ್ತೆ ಎಂದು ಕೇಳಿದರೆ ಎಲ್ಲರೂ ಕೈ ತೋರಿಸಿದರು. ಸೊಸೆ ಲಾಡ್ಜಿನ ಮೆಟ್ಟಿಲುಗಳ ಬಗ್ಗೆ, ರೈಲಿನ ಕೆಳಗಿನ ಬರ್ತಿನ ಬಗ್ಗೆ ಮೊದಲೇ ವಿಚಾರಿಸಿದ್ದಳು. ಒಂದನ್ನು ಮಾತ್ರ ವಿಚಾರಿಸಿರಲಿಲ್ಲ. ಅದು ಏನೆಂದು ರಸ್ತೆ ತಿರುಗಿದ ಕೂಡಲೇ ಗೊತ್ತಾಯಿತು.

ಗೇಟಿಗೆ ಸರಪಳಿ ಬಿಗಿದು ಬೀಗ ಹಾಕಿತ್ತು. ಬೀಗಕ್ಕೆ ತುಕ್ಕು ಹಿಡಿದಿತ್ತು. ಒಳಗೆ ಎದೆಮಟ್ಟದ ಕಳೆ. ಕಿಟಕಿಗಳಲ್ಲಿ ಗಾಜಿಲ್ಲ. ಮಿಲ್ಲು ಮುಚ್ಚಿ ಎಷ್ಟೋ ಕಾಲವಾಗಿತ್ತು.

ಟೈಲರಮ್ಮ ಸೊಸೆಯ ಮೊಣಕೈ ಹಿಡಿದು ಮುಖ ಎತ್ತಿ ನಿಂತಿದ್ದಳು. ಮುಖದ ತುಂಬ ಕುತೂಹಲ. "ಬಂತಾ? ಹೇಳು, ಹೇಳು."

ಸೊಸೆ ಬಾಯಿ ತೆರೆದಳು. ನಿಜ ಹೇಳಬೇಕೆಂದೇ ತೆರೆದಳು. ಆ ಎತ್ತಿದ ಮುಖ ನೋಡಿ ಮಾತು ಬೇರೆ ಕಡೆ ಹೊರಳಿಬಿಟ್ಟಿತು.

"ದೊಡ್ಡ ಗೇಟು ಅತ್ತೆ. ಹಸಿರು ಬಣ್ಣ. ಒಳಗೆ ಉದ್ದುದ್ದ ಕಟ್ಟಡಗಳು... ಸಾಲಾಗಿ ಲಾರಿಗಳು ನಿಂತಿವೆ. ಚಿಮಣಿಯಿಂದ ಹೊಗೆ ಬರ್ತಿದೆ."

"ಒಳಗೆ ಬಿಡ್ತಾರಾ? ಕೇಳಿ ನೋಡು."

"ಇವತ್ತು... ಇವತ್ತು ರಜ ಅಂತೆ ಅತ್ತೆ. ಬೋರ್ಡ್ ಹಾಕಿದಾರೆ."

ಟೈಲರಮ್ಮ "ಹೂಂ" ಎಂದಳು. ವಾಪಸು ಬರುವಾಗ ಮೊಣಕೈ ಹಿಡಿದ ಕೈ ಸಡಿಲವಾಗಿತ್ತು. ಕೋಣೆಗೆ ಬಂದು ಮಂಚದ ಮೇಲೆ ಕೂತು, ಜಡೆ ಬಿಚ್ಚಿ ಬಾಚಿಕೊಳ್ಳುತ್ತ ನಿಧಾನವಾಗಿ ಕೇಳಿದಳು:

"ರಜ ದಿನ ಹೊಗೆ ಬಿಡೋ ಮಿಲ್ಲು ಯಾವುದಮ್ಮ ಅದು?"

ಸೊಸೆ ಮಡಚುತ್ತಿದ್ದ ಟವೆಲನ್ನು ಕೆಳಗಿಟ್ಟಳು.

"ಮುಚ್ಚಿದೆ ತಾನೆ?"

"ಹೂಂ ಅತ್ತೆ."

"ನನಗೆ ಕಣ್ಣು ಹೋಗಿದೆ. ಎದೆ ಗಟ್ಟಿಯಾಗೇ ಇದೆ. ಮಿಲ್ಲು ಮುಚ್ಚಿದೆ ಅಂತ ಕೇಳಿದ್ರೆ ಸತ್ತುಹೋಗ್ತಿದ್ನಾ?" ಬಾಚಣಿಗೆ ಹಾಸಿಗೆಯ ಮೇಲೆ ಬಿತ್ತು. "ಮನೇಲಿ ನಿನ್ನ ಗಂಡ ಸುಳ್ಳು ಹೇಳ್ತಾನೆ. 'ಏನಿಲ್ಲಮ್ಮ, ಡಾಕ್ಟ್ರು ಚೆನ್ನಾಗೇ ಹೇಳಿದ್ರು' ಅಂತಾನೆ. ಪಕ್ಕದ ಮನೆಯವರು 'ನೀವು ಹೊಲಿದಿದ್ದು ಇನ್ನೂ ಎಷ್ಟು ಚೆನ್ನಾಗಿದೆ' ಅಂತಾರೆ. ಎಲ್ಲರೂ ನನ್ನನ್ನ ಹತ್ತೀಲಿ ಸುತ್ತಿ ಇಟ್ಟಿದಾರೆ. ನೀನೊಬ್ಬಳು ನೇರ ಮಾತಾಡ್ತೀಯ ಅಂತ ನಿನ್ನ ಜೊತೆ ಬಂದೆ. ಇಷ್ಟು ದೂರ ಕರ್ಕೊಂಡು ಬಂದು ಊರನ್ನೇ ಕದ್ದುಬಿಟ್ಯಲ್ಲೇ."

ಸೊಸೆ ಅತ್ತಳು. ಅತ್ತೆ ಸಮಾಧಾನ ಮಾಡಲಿಲ್ಲ. ಊಟ ತರಿಸಿದರೂ ಇಬ್ಬರೂ ಸರಿಯಾಗಿ ಮುಟ್ಟಲಿಲ್ಲ. ವರ್ಷಗಟ್ಟಲೆ ಸುಳ್ಳು ಪ್ರಯಾಣಿಕರ ಬಗ್ಗೆ ಪಾಠ ಮಾಡಿದವಳಿಗೆ, ಸುಳ್ಳು ಇಷ್ಟು ಮೃದುವಾಗಿ, ಅಂತಃಕರಣದ ವೇಷದಲ್ಲಿ ನಾಲಿಗೆಗೆ ಬರುತ್ತದೆಂದು ಗೊತ್ತಿರಲಿಲ್ಲ. ಆ ಸುಳ್ಳು ಬೇಕಾಗಿದ್ದಿದ್ದು ಅತ್ತೆಗಲ್ಲ, ಅತ್ತೆಯ ಮುಖ ಬಾಡುವುದನ್ನು ನೋಡಲಾರದ ತನಗೆ. ಅದನ್ನು ಅವಳು ಅತ್ತೆಗೆ ಹೇಳಿಯೂಬಿಟ್ಟಳು.

"ಗೊತ್ತು," ಎಂದಳು ಟೈಲರಮ್ಮ ಗೋಡೆಯತ್ತ ತಿರುಗಿ ಮಲಗುತ್ತ. "ಮಲಕ್ಕೋ."

ಬೆಳಿಗ್ಗೆ ಸೊಸೆ ವಾಪಸಿನ ರೈಲಿನ ಮಾತೆತ್ತಿದಾಗ ಟೈಲರಮ್ಮ ಚಪ್ಪಲಿ ಹುಡುಕುತ್ತಿದ್ದಳು. "ಯಾವ ರೈಲು? ನಾನಿನ್ನೂ ಊರೇ ನೋಡಿಲ್ಲ. ನಡಿ, ಇನ್ನೊಂದು ಸಲ ಹೋಗೋಣ. ಇವತ್ತು ಇರೋದನ್ನ ಹೇಳು."

ಮತ್ತೆ ಅದೇ ಗೇಟು. ಸೊಸೆ ಈ ಸಲ ಅತ್ತೆಯ ಕೈಯನ್ನು ಸರಪಳಿಯ ಮೇಲೆ ಇಟ್ಟಳು. ತುಕ್ಕು ಬೆರಳಿಗಂಟಿತು. "ಬೀಗ ಹಾಕಿದೆ. ಗೇಟಿನ ಹಸಿರು ಬಣ್ಣ ಮಾತ್ರ ನಿಜ, ಅದೂ ಚಕ್ಕೆ ಚಕ್ಕೆ ಎದ್ದಿದೆ. ಕಿಟಕಿಗಳು ಬಾಯಿ ಬಿಟ್ಟಿವೆ. ಲಾರಿ ನಿಲ್ಲೋ ಜಾಗದಲ್ಲಿ ಒಂದು ಮೇಕೆ ಮಲಗಿದೆ. ಚಿಮಣಿ ನಿಂತಿದೆ ಅತ್ತೆ. ಅದರ ತುದೀಲಿ ಒಂದು ಗಿಡ ಬೆಳೆದಿದೆ."

"ಯಾವ ಗಿಡ?"

"ಗೊತ್ತಿಲ್ಲ."

"ಕಾಲೇಜಲ್ಲಿ ಗಿಡ ಮರ ಹೇಳ್ಕೊಡಲ್ವಾ?"

"ಅದು ಬೇರೆ ಡಿಪಾರ್ಟ್‌ಮೆಂಟ್ ಅತ್ತೆ."

ಟೈಲರಮ್ಮ ನಕ್ಕಳು. ಆ ನಗು ನಿನ್ನೆಯಿಂದ ಸೊಸೆಯ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಇಳಿಸಿತು. ಟೈಲರಮ್ಮ ಗೇಟಿನ ಕಂಬಿಗೆ ಹಣೆ ತಾಗಿಸಿ ಸ್ವಲ್ಪ ಹೊತ್ತು ನಿಂತಳು. "ಒಳ್ಳೇ ಬಟ್ಟೆ ಮಾಡ್ತಿದ್ರು," ಎಂದಳು. "ಒಗೆದರೆ ಬಣ್ಣ ಬಿಡ್ತಿರಲಿಲ್ಲ."

ಕಾಂಪೌಂಡಿನ ಉದ್ದಕ್ಕೂ ಗೋಡೆ ಸವರುತ್ತ ನಡೆದರು. ಮೂಲೆ ತಿರುಗಿದಾಗ, ಹಿಂದಿನ ಓಣಿಯಿಂದ ಟಕಟಕ ಸದ್ದು ಕೇಳಿಸಿತು. ಒಂದು ನಿಂತರೆ ಇನ್ನೊಂದು ಹಿಡಿದುಕೊಳ್ಳುವ, ಬಿಡುವಿಲ್ಲದ ಸದ್ದು. ಇಬ್ಬರ ಕಿವಿಯೂ ಒಟ್ಟಿಗೇ ನೆಟ್ಟಗಾಯಿತು.

"ಮಗ್ಗ!" ಎಂದರು ಇಬ್ಬರೂ.

ತಗಡಿನ ಛಾವಣಿಯ ಉದ್ದನೆಯ ಶೆಡ್ಡು ಅದು. ಬಾಗಿಲು ತೆರೆದೇ ಇತ್ತು. ಒಳಗೆ ಕೆಲವು ಪವರ್ ಲೂಮುಗಳ ನಡುವೆ ಹೆಂಗಸರು ಓಡಾಡುತ್ತಿದ್ದರು. ಕೂದಲಿಗೆ ಹತ್ತಿಯ ದೂಳು ಮೆತ್ತಿದ, ಗಟ್ಟಿ ದನಿಯ ಒಬ್ಬಾಕೆ ಮಗ್ಗ ನಿಲ್ಲಿಸಿ ಬಂದಳು. ಉಳಿದವರು ಅವಳನ್ನು ಮಗ್ಗದಕ್ಕ ಎನ್ನುತ್ತಿದ್ದರು. ಇವರು ಯಾರು, ಯಾಕೆ ಬಂದರು ಎಂದು ಕೇಳಿ ಅವಳಿಗೆ ನಂಬಲಾಗಲಿಲ್ಲ.

"ನಮ್ಮ ಮಿಲ್ಲು ನೋಡೋಕಾ? ಈ ಊರಿನವರೇ ಅದರ ಕಡೆ ತಿರುಗಿ ನೋಡಲ್ಲ!"

ಮಿಲ್ಲು ಮುಚ್ಚಿದಾಗ ಗಂಡಸರು ಬೇರೆ ಊರುಗಳಿಗೆ ಕೆಲಸ ಹುಡುಕಿಕೊಂಡು ಹೋದರು. ಹೋಗಲಾರದ ಹೆಂಗಸರು ಕೆಲವರು ಸೇರಿ, ಗುಜರಿಗೆ ಹೋಗುತ್ತಿದ್ದ ಹಳೆಯ ಮಗ್ಗಗಳನ್ನು ಕೊಂಡು ರಿಪೇರಿ ಮಾಡಿಸಿ ಈ ಶೆಡ್ಡಿನಲ್ಲಿ ಹೂಡಿದರು. ಈಗ ದಪ್ಪ ಬಟ್ಟೆ ನೇಯ್ದು ವ್ಯಾಪಾರಿಗೆ ಕೊಡುತ್ತಾರೆ. ಮಗ್ಗದಕ್ಕ ಇದನ್ನೆಲ್ಲ ಹೇಳುತ್ತ, ಕೂರಲು ನೂಲಿನ ಪೆಟ್ಟಿಗೆ ಎಳೆದು ಹಾಕಿದಳು. ಟೈಲರಮ್ಮನ ಕೈಗೆ ಆಗಷ್ಟೇ ಮಗ್ಗದಿಂದ ಇಳಿಸಿದ ಬಟ್ಟೆಯನ್ನು ಕೊಟ್ಟಳು.

ಟೈಲರಮ್ಮ ಅದನ್ನು ಬೆರಳಲ್ಲಿ ಉಜ್ಜಿ, ಕೆನ್ನೆಗೆ ಒತ್ತಿ, ಕಣ್ಣಲ್ಲಿ ನೀರು ತಂದುಕೊಂಡಳು. "ಅದೇ ಬಟ್ಟೆ! ಅದೇ ಹತ್ತಿ. ನನ್ನ ಕೈಗೆ ಮೋಸ ಇಲ್ಲ."

ಮಗ್ಗದಕ್ಕ ಹಿಂದೆಮುಂದೆ ನೋಡಿ, ಕೊನೆಗೆ ತಡೆಯಲಾರದೆ ಅಂದಳು: "ಬೇಜಾರು ಮಾಡ್ಕೋಬೇಡಿ ಅಮ್ಮ. ಅದರಲ್ಲಿ ಅರ್ಧಕ್ಕರ್ಧ ಪಾಲಿಯೆಸ್ಟರು."

ಟೈಲರಮ್ಮನೇ ಮೊದಲು ನಕ್ಕಳು. ಶೆಡ್ಡಿನ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಸ ಜಾಗದ ಬಿಗುಮಾನ ಅಲ್ಲಿಗೆ ಮುಗಿಯಿತು.

"ಅಲ್ಲ ಅಮ್ಮ, ನಮ್ಮ ಬಟ್ಟೆ ನಿಮ್ಮ ಊರಿಗೆ ಬರ್ತಿತ್ತಾ?" ಎಂದು ಕೇಳಿದಳು ಮಗ್ಗದಕ್ಕ. "ಆಗ ಮಿಲ್ಲಲ್ಲಿ ನಾವು ನೇಯ್ತಿದ್ವಿ, ಮಡಚ್ತಿದ್ವಿ, ಲಾರಿ ಬರ್ತಿತ್ತು, ಹೋಗ್ತಿತ್ತು. ಎಲ್ಲಿಗೆ ಹೋಗುತ್ತೆ, ಯಾರು ಉಟ್ಕೋತಾರೆ, ಒಬ್ಬರೂ ಬಂದು ಹೇಳಿದ್ದಿಲ್ಲ."

ಟೈಲರಮ್ಮ ಹೇಳಿದಳು. ಬಿಳಿ ಪಾಪ್ಲಿನ್ನಿನಲ್ಲಿ ಇಡೀ ಬಡಾವಣೆಯ ಮಕ್ಕಳ ಅಂಗಿ ಹೊಲಿದದ್ದು, ಉಳಿದ ಚೂರಲ್ಲಿ ಬಾಣಂತಿಯರು ಬಂದು ಕೇಳಿದಾಗ ಎಳೆಕೂಸಿಗೆ ಜುಬ್ಬ ಮಾಡಿಕೊಟ್ಟದ್ದು. ಪೋಸ್ಟ್‌ಮ್ಯಾನ್ ಒಬ್ಬ ಮದುವೆಗೆಂದು ಹೊಲಿಸಿದ ಶರ್ಟನ್ನು ನಿವೃತ್ತಿಯ ದಿನವೂ ಹಾಕಿಕೊಂಡು, ಹೊಟ್ಟೆಯ ಹತ್ತಿರ ಗುಂಡಿ ಕೂರದೆ, ಸೀದಾ ಮನೆಗೆ ಓಡಿಬಂದದ್ದು. ಆಕೆ ಹೇಳುತ್ತ ಹೋದಂತೆ ಒಂದೊಂದೇ ಮಗ್ಗ ನಿಂತಿತು. ಹೆಂಗಸರು ಸುತ್ತ ಬಂದು ಕೂತರು. ತಾವು ನೇಯ್ದ ಬಟ್ಟೆ ಹೋದ ದಾರಿಯನ್ನು ಅವರು ಮೊದಲ ಸಲ ಕೇಳುತ್ತಿದ್ದರು. "ಆಮೇಲೆ?" "ಆ ಪೋಸ್ಟ್‌ಮ್ಯಾನ್ ಗುಂಡಿ ಏನಾಯ್ತು?" ಎಂದು ಕೇಳಿ ಕೇಳಿ ಹೇಳಿಸಿದರು.

ಸೊಸೆ ಬಾಗಿಲಿಗೆ ಒರಗಿ ನಿಂತಿದ್ದಳು. ಅತ್ತೆಗೆ ಹೇಳುವಂಥದ್ದು ಅವಳ ಬಳಿ ಏನೂ ಉಳಿದಿರಲಿಲ್ಲ. ಪ್ರಯಾಣಿಕರು ಬಂದು ಊರಿನ ಬಗ್ಗೆ ಬರೆದದ್ದನ್ನು ಅವಳು ಬೇಕಾದಷ್ಟು ಓದಿದ್ದಳು. ಊರೇ ಪ್ರಯಾಣಿಕರನ್ನು ಹಿಡಿದು ಕೂರಿಸಿ ಕೇಳುವುದನ್ನು ಇವತ್ತು ನೋಡುತ್ತಿದ್ದಳು.

ಮಾತು ಮುಗಿದಾಗ ಮಗ್ಗದಕ್ಕ ಒಳಗಿನಿಂದ ಒಂದು ಚೀಲ ತಂದಳು. ಬಟ್ಟೆಯನ್ನು ಹಾಗೇ ಮಾರಿದರೆ ಏನೂ ಗಿಟ್ಟುವುದಿಲ್ಲ, ಚೀಲ ಮಾಡಿ ಮಾರೋಣವೆಂದು ಮಗಳಿಂದ ಹೊಲಿಸಿದ್ದಂತೆ. ಟೈಲರಮ್ಮ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಹಿಡಿಕೆ ಸೇರುವಲ್ಲಿ ಬೆರಳು ನಿಂತಿತು.

"ಇದನ್ನ ಹೊಲಿದವರು ಯಾರು?"

"ನಾನೇ ಅಜ್ಜಿ," ಎಂದಳು ಮಗಳು ಹೆಮ್ಮೆಯಿಂದ.

"ಒಂದು ಕುಂಬಳಕಾಯಿ ಹಾಕಿದ್ರೆ ಕಾಯಿ ರಸ್ತೇಲಿರುತ್ತೆ, ಹಿಡಿಕೆ ಕೈಯಲ್ಲಿರುತ್ತೆ. ಸೂಜಿ ತಾ ಇಲ್ಲಿ."

ಸೂಜಿಗೆ ದಾರ ಪೋಣಿಸಿಕೊಟ್ಟವಳು ಸೊಸೆ. ಮಡಿಕೆ ಹಾಕಿ, ಉಗುರಲ್ಲಿ ಗೀರಿ, ಹೊಲಿದದ್ದು ಟೈಲರಮ್ಮ. ಕಣ್ಣು ಹೋದ ಮೇಲೆ ಆಕೆ ಸೂಜಿ ಮುಟ್ಟಿರಲಿಲ್ಲ. ಒಂದೆರಡು ಸಲ ಬೆರಳಿಗೆ ಚುಚ್ಚಿಕೊಂಡಳು, ಬೈದುಕೊಂಡಳು, ಬಿಡಲಿಲ್ಲ. ಹೊಲಿಗೆ ಮೊದಲಿನಷ್ಟು ನೆಟ್ಟಗೇನೂ ಬರಲಿಲ್ಲ. ಆದರೆ ಮಗಳು ಜೋರಾಗಿ ಜಗ್ಗಿದರೂ ಹಿಡಿಕೆ ಅಲುಗಲಿಲ್ಲ. ಮಧ್ಯಾಹ್ನದ ರೈಲು ತಪ್ಪಿಹೋಯಿತು. ಇಬ್ಬರಲ್ಲಿ ಯಾರಿಗೂ ಅದು ನೆನಪಾಗಲಿಲ್ಲ.

ಹೊರಡುವಾಗ ಮಗ್ಗದಕ್ಕ ಸಂಕೋಚದಿಂದ, "ಸ್ವಲ್ಪ ದಿನ ಬಂದು ನಮ್ಮ ಹುಡುಗೀರಿಗೆ ಹೇಳ್ಕೊಡ್ತೀರಾ ಅಮ್ಮ? ನಮ್ಮ ಮನೇಲೇ ಇರಬಹುದು," ಎಂದಳು. ಟೈಲರಮ್ಮ ಸೊಸೆಯ ಕಡೆ ತಿರುಗಲಿಲ್ಲ, ಮಗನನ್ನು ಕೇಳಿ ಹೇಳುತ್ತೇನೆ ಎನ್ನಲಿಲ್ಲ. "ಬರ್ತೀನಿ," ಎಂದುಬಿಟ್ಟಳು.

ಮನೆಗೆ ಬಂದು ಹೇಳಿದಾಗ ಮಗ ಹೌಹಾರಿದ. "ಕಣ್ಣು ಕಾಣದ ಅಮ್ಮನ್ನ ಗೊತ್ತಿಲ್ಲದ ಊರಲ್ಲಿ ಬಿಟ್ಟು ಬರೋದಾ? ನಿಮಗಿಬ್ಬರಿಗೂ ತಲೆ ಕೆಟ್ಟಿದೆಯಾ?"

"ನಿನಗೆ ಕಣ್ಣು ಚೆನ್ನಾಗಿ ಕಾಣುತ್ತೆ," ಎಂದಳು ಟೈಲರಮ್ಮ. "ಫ್ರಿಜ್ಜಲ್ಲಿರೋ ನಿಂಬೆಹಣ್ಣು ಇವತ್ತಿಗೂ ಸಿಕ್ಕಿಲ್ಲ."

ಮಗ ಹೆಂಡತಿಯ ಮುಖ ನೋಡಿದ. ಅವಳು ಈ ಸಲ ಮೆತ್ತಗಿನ ಮಾತು ಹುಡುಕಲು ಹೋಗಲಿಲ್ಲ. "ಭಯ ನನಗೂ ಇದೆ ರೀ. ಮೆಟ್ಟಿಲಲ್ಲಿ ಎಡವಬಹುದು, ರಸ್ತೆ ತಪ್ಪಬಹುದು. ಆದ್ರೆ ಇಲ್ಲಿ ಸ್ಟೂಲ್ ಮೇಲೆ ಕೂರಿಸಿ ನಾವು ಅವರಿಗೆ ಏನು ಕೊಡ್ತಿದೀವಿ, ಹೇಳಿ." ಅವನು ಬಹಳ ಹೊತ್ತು ಮುಖ ಊದಿಸಿಕೊಂಡಿದ್ದ. ಆಮೇಲೆ ಹೋಗಿ ತಾಯಿಗೆ ದೊಡ್ಡ ಗುಂಡಿಗಳ ಫೋನು ತಂದುಕೊಟ್ಟ. ಯಾವ ಗುಂಡಿ ಒತ್ತಿದರೆ ಯಾರು ಎಂದು ಆಕೆಯ ಬೆರಳು ಹಿಡಿದು ಕಲಿಸಿದ.

ಆ ವರ್ಷದ ಅಭ್ಯಾಸ ಪ್ರವಾಸಕ್ಕೆ ಸೊಸೆ ಕೋಟೆಯನ್ನೂ ಅರಮನೆಯನ್ನೂ ಆರಿಸಲಿಲ್ಲ. ಬೇರೆ ಬೇರೆ ವಿಭಾಗಗಳಿಂದ ಬಂದು ಕೂರುತ್ತಿದ್ದ ತನ್ನ ತರಗತಿಯ ವಿದ್ಯಾರ್ಥಿಗಳನ್ನು ವ್ಯಾನಿನಲ್ಲಿ ತುಂಬಿಕೊಂಡು, ಮುಂದಿನ ಸೀಟಿನಲ್ಲಿ ಅತ್ತೆಯನ್ನು ಕೂರಿಸಿಕೊಂಡು, ಮುಚ್ಚಿದ ಮಿಲ್ಲಿನ ಊರಿಗೆ ಹೋದಳು. "ಅಲ್ಲೇನಿದೆ ಮೇಡಂ ನೋಡೋಕೆ?" ಎಂದು ಗೊಣಗಿದವರಿದ್ದರು. ಹಿಂದಿರುಗುವಾಗ ಅವರ ಬಳಿ ಹೇಳಲು ಬೇಕಾದಷ್ಟಿತ್ತು. ಇತಿಹಾಸದವನೊಬ್ಬ, ಕೆಲಸ ಹುಡುಕಿ ಹೋದ ಗಂಡಸರು ಯಾವ ಯಾವ ಊರಿಗೆ ಚದುರಿದರೆಂದು ಮನೆಮನೆಗೆ ಹೋಗಿ ಕೇಳಿದ್ದ. ಸಂಗೀತದ ಹುಡುಗಿ, ಮಗ್ಗದ ಸದ್ದಿಗೆ ತಾಳ ಹಿಡಿದು ಹೆಂಗಸರು ಗುನುಗುವುದನ್ನು ಧ್ವನಿಮುದ್ರಿಸಿಕೊಂಡಿದ್ದಳು. ಚಿತ್ರಕಲೆಯವರಿಬ್ಬರು ಚೀಲದ ಮೇಲೆ ಅಚ್ಚು ಹಾಕಲು ಚಿತ್ರ ಬರೆಯುತ್ತ ಅಲ್ಲೇ ಎರಡು ದಿನ ಹೆಚ್ಚಿಗೆ ಉಳಿದರು. ವ್ಯಾನಿನಲ್ಲಿ ಮುಂದಿನ ಸೀಟು ಖಾಲಿಯಾಗಿ ಬಂತು.

ಸೊಸೆ ಆ ಸೀಟನ್ನು ನೋಡಿ ನೋಡಿ ದಾರಿಯುದ್ದಕ್ಕೂ ಆತಂಕಪಟ್ಟಳು. ಮಾರನೆಯ ದಿನ ಟೈಲರಮ್ಮ ಬಚ್ಚಲಲ್ಲಿ ಜಾರಿ ಮೊಣಕಾಲು ತರಚಿಕೊಂಡಳು. ತಾನೇ ಫೋನು ಮಾಡಿ ಹೇಳಿದಳು, ಮುಚ್ಚಿಡಲಿಲ್ಲ. ಮಗ ಆಗಲೇ ಹೊರಟುನಿಂತ. "ಬಂದ್ರೆ ಬಾ, ಬರೋವಾಗ ನನ್ನ ಮೆಷಿನ್ನಿನ ಬಾಬಿನ್‌ಗಳನ್ನ ತಗೊಂಡು ಬಾ," ಎಂದಳು ಆಕೆ. ಅವನು ಹೋದ, ಬಾಬಿನ್ ಕೊಟ್ಟ, ತಾಯಿ ಹತ್ತು ಹುಡುಗಿಯರಿಗೆ ದನಿಯೆತ್ತಿ ಗದರುತ್ತಿರುವುದನ್ನು ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದ. ಒಬ್ಬನೇ ವಾಪಸು ಬಂದ. ಬಂದವನು ಹೆಂಡತಿಗೆ ಹೇಳಿದ್ದು ಇಷ್ಟೇ: "ಅಮ್ಮ ನನ್ನನ್ನ ಸರಿಯಾಗಿ ಮಾತಾಡಿಸಲೂ ಇಲ್ಲ ಕಣೇ. ಕೆಲಸ ಇದೆ ಅಂದ್ಲು." ಹೇಳುವಾಗ ಅವನ ಮುಖದಲ್ಲಿ ನಗುವಿತ್ತು.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ, ಸೊಸೆ ತರಗತಿಗೆ ಹೋಗುವ ದಾರಿಯಲ್ಲಿ ಫೋನು ಬಂತು. ಆಚೆಯಿಂದ ಮಗ್ಗಗಳ ಸದ್ದು, ಅದರ ಮೇಲೆ ಏರಿಸಿದ ಅತ್ತೆಯ ದನಿ.

"ಬರೋ ವಾರ ವಾಪಸ್ ಬರ್ತೀನಿ ಅಂದಿದ್ನಲ್ಲ?"

"ಹೂಂ ಅತ್ತೆ, ಟಿಕೆಟ್ ಮಾಡ್ಸಿದೀನಿ."

"ಬರಲ್ಲ. ಒಂದು ಶಾಲೆಯವರು ಎಲ್ಲ ಮಕ್ಕಳಿಗೂ ಚೀಲ ಬೇಕು ಅಂತ ಕೇಳಿದಾರೆ. ಹುಡುಗೀರಿಗೆ ಹಿಡಿಕೆ ಕೂರಿಸೋದು ಬಂತು, ಜಿಪ್ಪು ಇನ್ನೂ ಬಂದಿಲ್ಲ. ಅದು ಬರೋ ತನಕ ನಾನು ಅಲ್ಲಾಡಲ್ಲ. ನಿನ್ನ ಗಂಡನಿಗೆ ನೀನೇ ಹೇಳು."

"ನಾನ್ಯಾಕೆ ಹೇಳ್ಲಿ? ನೀವೇ ಹೇಳಿ."

"ಹೇಳ್ತೀನಿ ಬಿಡು, ನನಗೇನು ಭಯವಾ? ಇಲ್ಲಿ ಮಳೆ ಶುರುವಾಗಿದೆ ಕಣೇ. ತಗಡಿನ ಮೇಲೆ ಬೀಳೋ ಸದ್ದಿಗೆ ಮಗ್ಗದ ಸದ್ದೇ ಕೇಳಿಸ್ತಿಲ್ಲ. ತಡಿ, ಫೋನ್ ಹೊರಗೆ ಹಿಡೀತೀನಿ, ಕೇಳು."

ಸೊಸೆ ಕಾರಿಡಾರಿನಲ್ಲಿ ನಿಂತಳು. ತರಗತಿಯ ಬಾಗಿಲಲ್ಲಿ ಹುಡುಗರು ಕಾಯುತ್ತಿದ್ದರು. ಅವಳು ಒಂದು ಕೈ ಎತ್ತಿ ಅವರಿಗೆ ತಡೆಯಲು ಹೇಳಿ, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.